ಬೀರುವಿನ ಬೀಗದ ಕೈ ಯಾರ ಜೇಬಿನಲ್ಲಿ?

ಮೈಸೂರು ಜಿಲ್ಲೆಯ ಹಳ್ಳಿಗಾಡಿನ ಸರ್ಕಾರಿ ಶಾಲೆಗಳ ಒಳಹೊಕ್ಕು ನೋಡಿ. ಹೆಡ್‌ಮಾಸ್ಟರ ಕೊಠಡಿಯಲ್ಲಿ ಗಾಂಧೀಜಿ ಪಟ ಇರುತ್ತೆ, ಅಂಬೇಡ್ಕರ್ ಪಟ ಇರುತ್ತೆ. ಪಟದ ಕೆಳಗೆ ಒಂದು ಕಬ್ಬಿಣದ ಬೀರು ಇರುತ್ತೆ. ಬೀರುವಿಗೆ ಬೀಗ ಇರುತ್ತೆ. ಒಳಗೇನಿದೆ ಅಂತ ಕೇಳಿದರೆ ಬಹಳ ಕಡೆ ಬರುವ ಉತ್ತರ ಒಂದೇ: 'ಅದೇ ಸಾರ್, ಲೈಬ್ರರಿ!'

ಈ ಲೈಬ್ರರಿಯ ಬಾಗಿಲು ತೆರೆಯುವುದು ವರ್ಷಕ್ಕೆ ಎರಡು ಸಲ. ಹೊಸ ಪುಸ್ತಕದ ಕಟ್ಟು ಬಂದಾಗ ಒಳಗಿಡೋದಕ್ಕೆ ಒಂದು ಸಲ. ಬಿ.ಇ.ಓ. ಸಾಹೇಬರು ತಪಾಸಣೆಗೆ ಬರ್ತಾರೆ ಅಂತ ಸುದ್ದಿ ಸಿಕ್ಕಾಗ ಧೂಳು ಹೊಡೆಯೋದಕ್ಕೆ ಇನ್ನೊಂದು ಸಲ. ಮಿಕ್ಕ ದಿನ ಅಲ್ಲಿ ನಿರಾತಂಕವಾಗಿ ಓದುವವರು ಗೆದ್ದಲು ಮತ್ತು ಬೆಳ್ಳಿಮೀನು ಹುಳ. ಅವಕ್ಕೆ ಮೆಂಬರ್‌ಶಿಪ್ಪೂ ಬೇಡ, ಬೀಗದ ಕೈಯೂ ಬೇಡ.

ಎಲ್ಲ ಶಾಲೆಯೂ ಹೀಗೇ ಅಂದರೆ ಅನ್ಯಾಯದ ಮಾತಾಗುತ್ತೆ. ತರಗತಿಯ ಗೋಡೆಗೆ ಹಗ್ಗ ಕಟ್ಟಿ, ಪುಸ್ತಕ ನೇತುಹಾಕಿ, ಮಕ್ಕಳ ಕೈಗೆ ಎಟುಕುವ ಹಾಗೆ ಇಟ್ಟಿರುವ ಮೇಷ್ಟ್ರುಗಳೂ ಟೀಚರುಗಳೂ ಇದ್ದಾರೆ. ಆದರೆ ಅದು ಆಯಾ ಮೇಷ್ಟ್ರ ಪುಣ್ಯದಿಂದ ನಡೆಯೋದು. ಅವರಿಗೆ ಟ್ರಾನ್ಸ್‌ಫರ್ ಆದ ದಿನ ಹಗ್ಗವೂ ಬಿಚ್ಚಿಹೋಗುತ್ತೆ. ಅದೃಷ್ಟದ ಮೇಲೆ ನಡೆಯೋದನ್ನ ವ್ಯವಸ್ಥೆ ಅಂತ ಕರೆಯೋಕೆ ಆಗುತ್ಯೇ?

ಕಾನೂನು ಇದೆ, ಆಳು ಇಲ್ಲ

ಕಡ್ಡಾಯ ಶಿಕ್ಷಣದ ಹಕ್ಕಿನ ಕಾಯಿದೆ ಬಂದದ್ದು 2009ರಲ್ಲಿ, ಜಾರಿಯಾದದ್ದು 2010ರ ಏಪ್ರಿಲ್ 1ರಂದು. ಅದರ ಅನುಸೂಚಿಯಲ್ಲಿ ಸ್ಪಷ್ಟವಾಗಿ ಬರೆದಿದೆ: ಪ್ರತಿ ಶಾಲೆಗೂ ಗ್ರಂಥಾಲಯ ಇರಬೇಕು, ಅದರಲ್ಲಿ ದಿನಪತ್ರಿಕೆ ಇರಬೇಕು, ನಿಯತಕಾಲಿಕೆ ಇರಬೇಕು, ಎಲ್ಲ ವಿಷಯದ ಪುಸ್ತಕಗಳೂ ಕಥೆ ಪುಸ್ತಕಗಳೂ ಇರಬೇಕು. ಇಷ್ಟೆಲ್ಲಾ ಬರೆದ ಪುಣ್ಯಾತ್ಮರು ಒಂದು ಮಾತು ಬರೆಯಲಿಲ್ಲ. ಈ ಪುಸ್ತಕವನ್ನ ಮಗುವಿನ ಕೈಗೆ ಕೊಡೋರು ಯಾರು?

2018ರಲ್ಲಿ ಶುರುವಾದ ಸಮಗ್ರ ಶಿಕ್ಷಣ ಯೋಜನೆ ಪುಸ್ತಕ ಕೊಳ್ಳೋದಕ್ಕೆ ದುಡ್ಡನ್ನೂ ಗೊತ್ತುಮಾಡಿತು. ಕಿರಿಯ ಪ್ರಾಥಮಿಕ ಶಾಲೆಗೆ ವರ್ಷಕ್ಕೆ 5,000 ರೂಪಾಯಿವರೆಗೆ, 1ರಿಂದ 8ನೇ ತರಗತಿಯ ಶಾಲೆಗೆ 13,000 ರೂಪಾಯಿವರೆಗೆ. ದೊಡ್ಡ ಮೊತ್ತವಲ್ಲ, ಆದರೆ ಇಲ್ಲ ಅನ್ನುವಂತೆಯೂ ಇಲ್ಲ. ಕಾನೂನು ಬಂತು, ಬೀರು ಬಂತು, ಪುಸ್ತಕವೂ ಬಂತು. ಗ್ರಂಥಪಾಲಕ ಮಾತ್ರ ಬರಲಿಲ್ಲ. ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಆ ಹೆಸರಿನ ಹುದ್ದೆಯೇ ಇಲ್ಲ. ಯಾರಾದರೂ ಒಬ್ಬ ಮೇಷ್ಟ್ರ ತಲೆಗೆ 'ಲೈಬ್ರರಿ ಇನ್‌ಚಾರ್ಜ್' ಅಂತ ಕಟ್ಟುತ್ತಾರೆ. ಆ ಮೇಷ್ಟ್ರ ತಲೆಯ ಮೇಲೆ ಆಗಲೇ ಬಿಸಿಯೂಟದ ಲೆಕ್ಕ, ಹಾಲು-ಮೊಟ್ಟೆಯ ಲೆಕ್ಕ, ಕಂಪ್ಯೂಟರಿಗೆ ಮಕ್ಕಳ ವಿವರ ತುಂಬುವ ಕೆಲಸ, ಚುನಾವಣೆ ಬಂದರೆ ಮತದಾರರ ಪಟ್ಟಿ. ಹತ್ತರ ಜೊತೆ ಹನ್ನೊಂದನೆಯದು ಲೈಬ್ರರಿ.

ಇದೇನು ಹೊಸ ರೋಗವೂ ಅಲ್ಲ. ಮದರಾಸು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಡಾ. ಎ. ಲಕ್ಷ್ಮಣಸ್ವಾಮಿ ಮೊದಲಿಯಾರ್ ಅವರ ನೇತೃತ್ವದ ಪ್ರೌಢಶಿಕ್ಷಣ ಆಯೋಗ 1953ರಲ್ಲೇ ವರದಿ ಕೊಟ್ಟಿತ್ತು. ಬಹುಪಾಲು ಶಾಲೆಗಳಲ್ಲಿ ಲೈಬ್ರರಿ ಅನ್ನುವಂಥದ್ದು ಇಲ್ಲ, ಇರುವ ಪುಸ್ತಕಗಳು ಹಳೆಯವು, ಮಕ್ಕಳ ಅಭಿರುಚಿ ನೋಡಿ ಆರಿಸಿದವಲ್ಲ, ನೋಡಿಕೊಳ್ಳುವವನು ಒಬ್ಬ ಗುಮಾಸ್ತ ಇಲ್ಲವೇ ಆಸಕ್ತಿಯಿಲ್ಲದ ಮೇಷ್ಟ್ರು ಎಂದು ಆ ವರದಿ ಮರುಗಿತ್ತು. ತರಬೇತಿ ಪಡೆದ ಗ್ರಂಥಪಾಲಕ ಬೇಕು, ತರಗತಿಗೊಂದು ಪುಟ್ಟ ಲೈಬ್ರರಿ ಬೇಕು ಅಂತಲೂ ಹೇಳಿತ್ತು. 70 ವರ್ಷ ದಾಟಿತು. ಇವತ್ತು ಅದೇ ವರದಿಯ ತಾರೀಖು ತಿದ್ದಿ ಮತ್ತೆ ಕೊಟ್ಟರೂ ಯಾರಿಗೂ ಅನುಮಾನ ಬರೋದಿಲ್ಲ.

ಇಬ್ಬರ ನಡುವೆ ಒಂದು ಗೋಡೆ

ಹಾಗಾದರೆ ಹಳ್ಳಿಯಲ್ಲಿ ಲೈಬ್ರರಿಯವನು ಅಂತ ಒಬ್ಬ ಮನುಷ್ಯನೇ ಇಲ್ಲವೇ? ಇದ್ದಾನೆ. ಅದೇ ಇಲ್ಲಿನ ತಮಾಷೆ.

ಶಾಲೆಯಿಂದ ಕೂಗಳತೆಯಲ್ಲಿ ಪಂಚಾಯ್ತಿ ಕಟ್ಟಡ. ಅದರ ಪಕ್ಕದಲ್ಲೋ ಒಳಗೋ ಗ್ರಾಮ ಪಂಚಾಯ್ತಿ ಗ್ರಂಥಾಲಯ. ಅಲ್ಲೊಬ್ಬ ಮೇಲ್ವಿಚಾರಕರು, ಎಷ್ಟೋ ಕಡೆ ಅದೇ ಊರಿನವರು. ಈ ಗ್ರಂಥಾಲಯಗಳು ಮೊದಲು ಸಾರ್ವಜನಿಕ ಗ್ರಂಥಾಲಯ ಇಲಾಖೆಗೆ ಸೇರಿದ್ದವು. 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದವು. ನಂತರ 'ಅರಿವು ಕೇಂದ್ರ' ಅಂತ ಹೊಸ ಹೆಸರಾಯಿತು. ಕೊರೊನಾ ಕಾಲದಲ್ಲಿ ಶಾಲೆಗಳು ಬಾಗಿಲು ಹಾಕಿದ್ದಾಗ, 2020ರ ಮಕ್ಕಳ ದಿನಾಚರಣೆಯಂದು 'ಓದುವ ಬೆಳಕು' ಅನ್ನುವ ಕಾರ್ಯಕ್ರಮ ಶುರುವಾಯಿತು. 6ರಿಂದ 18 ವರ್ಷದ ಮಕ್ಕಳಿಗೆ ಪುಗಸಟ್ಟೆ ಸದಸ್ಯತ್ವ. ಒಳ್ಳೆಯ ಕೆಲಸ, ಹೊಗಳಬೇಕಾದ್ದೇ.

ಆದರೆ ಶಾಲೆಯ ಮೇಷ್ಟ್ರಿಗೂ ಲೈಬ್ರರಿಯ ಮೇಲ್ವಿಚಾರಕರಿಗೂ ಏನು ಸಂಬಂಧ? ಸಿಕ್ಕಾಗ 'ಕಾಫಿ ಆಯ್ತಾ' ಅನ್ನುವಷ್ಟು ಮಾತ್ರ. ಮೇಷ್ಟ್ರು ಶಿಕ್ಷಣ ಇಲಾಖೆ, ಇವರು ಪಂಚಾಯತ್ ರಾಜ್. ಅವರಿಗೆ ಬಿ.ಇ.ಓ., ಇವರಿಗೆ ಪಿ.ಡಿ.ಓ. ಒಂದೇ ಮಗು ಬೆಳಗ್ಗೆ ಅವರ ಹತ್ತಿರ ಕೂತಿರುತ್ತೆ, ಸಂಜೆ ಇವರ ಹತ್ತಿರ ಕೂತಿರುತ್ತೆ. ಆ ಮಗುವಿನ ವಿಷಯವಾಗಿ ಇಬ್ಬರೂ ಕೂತು ಮಾತಾಡಬೇಕು ಅಂತ ಯಾವ ಸುತ್ತೋಲೆಯ ಪಾಲನೆಯನ್ನೂ ಯಾರೂ ಕೇಳೋದಿಲ್ಲ. ಹಾಗಾಗಿ ಮಾತಾಡೋದೂ ಇಲ್ಲ.

ಇದರಿಂದ ಆಗುವ ನಷ್ಟ ಲೆಕ್ಕದ ಪುಸ್ತಕದಲ್ಲಿ ಕಾಣೋದಿಲ್ಲ. ತರಗತಿಯಲ್ಲಿ ಬಾಯೇ ಬಿಡದ ಒಬ್ಬ ಹುಡುಗ ಇದ್ದಾನೆ ಅಂತ ಇಟ್ಟುಕೊಳ್ಳಿ. ಮೇಷ್ಟ್ರ ಲೆಕ್ಕದಲ್ಲಿ ಅವನು ದಡ್ಡ. ಅದೇ ಹುಡುಗ ಲೈಬ್ರರಿಯಲ್ಲಿ ಹಾವಿನ ಪುಸ್ತಕವನ್ನ ಮೂರು ಸಲ ತಗೊಂಡು ಹೋಗಿದ್ದಾನೆ. ಅದು ಮೇಲ್ವಿಚಾರಕರ ರಿಜಿಸ್ಟರಿನಲ್ಲಿ ಬರೆದಿದೆ. ಆ ರಿಜಿಸ್ಟರು ಮೇಷ್ಟ್ರ ಕಣ್ಣಿಗೆ ಬೀಳೋದಿಲ್ಲ. ಬಿದ್ದಿದ್ದರೆ ವಿಜ್ಞಾನದ ಪಾಠದ ದಿನ 'ಏಳೋ, ನಾಗರಹಾವಿಗೂ ಕೇರೆಹಾವಿಗೂ ಏನು ವ್ಯತ್ಯಾಸ ಹೇಳು' ಅಂತ ಅವನನ್ನೇ ಎಬ್ಬಿಸಬಹುದಿತ್ತು. ಇನ್ನೊಬ್ಬ ಹುಡುಗಿ 7ನೇ ತರಗತಿಗೆ ಬಂದರೂ ಬರೀ ಚಿತ್ರದ ಪುಸ್ತಕವನ್ನೇ ಆರಿಸುತ್ತಾಳೆ. ಅವಳಿಗೆ ಅಕ್ಷರ ಕೂಡಿಸಿ ಓದೋಕೆ ಬರೋದಿಲ್ಲ ಅನ್ನೋದು ಲೈಬ್ರರಿಯವರಿಗೆ ಮೊದಲು ಗೊತ್ತಾಗುತ್ತೆ, ಮೇಷ್ಟ್ರಿಗೆ ಪರೀಕ್ಷೆಯ ದಿನ ಗೊತ್ತಾಗುತ್ತೆ. ಅಷ್ಟರಲ್ಲಿ ವರ್ಷವೇ ಮುಗಿದಿರುತ್ತೆ.

ಈ ಹುಡುಗಿ ಒಬ್ಬಂಟಿಯಲ್ಲ. 2018 ಮತ್ತು 2022ರ 'ಅಸರ್' ಸಮೀಕ್ಷೆಗಳ ಪ್ರಕಾರ ಕರ್ನಾಟಕದ ಹಳ್ಳಿಗಳಲ್ಲಿ 5ನೇ ತರಗತಿಯ ಅರ್ಧಕ್ಕೂ ಹೆಚ್ಚು ಮಕ್ಕಳಿಗೆ 2ನೇ ತರಗತಿಯ ಮಟ್ಟದ ಪಾಠ ಓದಲು ಬರುತ್ತಿರಲಿಲ್ಲ. ಇಂಥ ಮಗುವಿಗೆ ಪಠ್ಯಪುಸ್ತಕ ಒಂದೇ ಓದಿಸಿ ಸಾಲದು. ಅದಕ್ಕೆ ಆಸೆ ಹುಟ್ಟಿಸುವ ನಾಲ್ಕು ಸಣ್ಣ ಪುಸ್ತಕ ಬೇಕು. ಯಾವ ನಾಲ್ಕು ಅನ್ನೋದು ಲೈಬ್ರರಿಯವರಿಗೆ ಗೊತ್ತು, ಯಾವ ಮಗುವಿಗೆ ಅನ್ನೋದು ಮೇಷ್ಟ್ರಿಗೆ ಗೊತ್ತು. ಎರಡು ಗೊತ್ತುಗಳೂ ಒಂದು ಕಡೆ ಸೇರುತ್ತಿಲ್ಲ.

ಒಂದು ವಾರ ಮುಂಚೆ ಒಂದು ಚೀಟಿ

ಸೇರಿದರೆ ಏನಾಗುತ್ತೆ? ಹತ್ತಿರದ ಉದಾಹರಣೆಯನ್ನೇ ನೋಡೋಣ. ಸಮಾಜ ವಿಜ್ಞಾನದಲ್ಲಿ ಮೈಸೂರು ಒಡೆಯರ ಪಾಠ ಬರುತ್ತೆ. ಕನ್ನಂಬಾಡಿ ಕಟ್ಟೆ ಬರುತ್ತೆ, ವಿಶ್ವೇಶ್ವರಯ್ಯನವರು ಬರುತ್ತಾರೆ. ಮೇಷ್ಟ್ರು ನೋಟ್ಸು ಹೇಳುತ್ತಾರೆ, ಮಕ್ಕಳು ಬರೆದುಕೊಳ್ಳುತ್ತಾರೆ: ಕೆಲಸ ಶುರುವಾದದ್ದು 1911, ಕಟ್ಟಿದ್ದು ಕಾವೇರಿಗೆ. ಮುಗೀತು. ಪರೀಕ್ಷೆಗೆ ಎರಡು ಅಂಕ.

ಈಗ ಮೇಷ್ಟ್ರು ಒಂದು ವಾರ ಮುಂಚೆ ಲೈಬ್ರರಿಗೆ ಒಂದು ಚೀಟಿ ಕಳಿಸಿದರು ಅಂತ ಇಟ್ಟುಕೊಳ್ಳಿ: 'ಮುಂದಿನ ಸೋಮವಾರ ಕನ್ನಂಬಾಡಿ ಪಾಠ.' ಮೇಲ್ವಿಚಾರಕರು ಇರುವ ಪುಸ್ತಕದಲ್ಲೇ ತಡಕಾಡಿ ವಿಶ್ವೇಶ್ವರಯ್ಯನವರ ಜೀವನ ಚರಿತ್ರೆ, ಕಾವೇರಿ ನದಿಯ ಪುಸ್ತಕ, ಜಿಲ್ಲಾ ಗೆಜೆಟಿಯರ್ ಇದ್ದರೆ ಅದು, ಹಳೇ ಪತ್ರಿಕೆಯ ಕತ್ತರಿಸಿದ ಹಾಳೆಗಳು, ಎಲ್ಲವನ್ನೂ ಒಂದು ಮೇಜಿನ ಮೇಲೆ ಇಡುತ್ತಾರೆ. ಮಕ್ಕಳು ಶನಿವಾರ ಬಂದು ನೋಡುತ್ತಾರೆ. ಅಣೆಕಟ್ಟೆಯ ನೀರಲ್ಲಿ ಹಳೇ ಕನ್ನಂಬಾಡಿ ಊರು ಮುಳುಗಿತು, ವೇಣುಗೋಪಾಲಸ್ವಾಮಿ ದೇವಸ್ಥಾನವೂ ಮುಳುಗಿತು ಅಂತ ಓದಿದ ಮಗು ಸೋಮವಾರ ತರಗತಿಯಲ್ಲಿ ಕೈ ಎತ್ತುತ್ತೆ: 'ಸಾರ್, ಆ ಊರಿನ ಜನ ಎಲ್ಲಿಗೆ ಹೋದ್ರು?'

ಆ ಪ್ರಶ್ನೆ ಯಾವ ನೋಟ್ಸಿನಲ್ಲೂ ಇಲ್ಲ. ಮೇಷ್ಟ್ರೂ ಒಂದು ಗಳಿಗೆ ತಬ್ಬಿಬ್ಬಾಗಬಹುದು. ಆಗಲಿ ಬಿಡಿ. ಪಾಠ ನಿಜವಾಗಿ ಶುರುವಾಗೋದು ಅಲ್ಲಿಂದ. ಮಗು ಮನೆಗೆ ಹೋಗಿ ಅಜ್ಜನನ್ನ ಕೇಳುತ್ತೆ, ಅಜ್ಜ ಇನ್ನೊಂದು ಹೇಳುತ್ತಾನೆ. ಒಂದು ಚೀಟಿಗೆ ಇಷ್ಟು ಬೆಲೆ.

ಈಗ ನಡೆಯುತ್ತಿರೋದು ಏನು? 'ಪ್ರಾಜೆಕ್ಟ್ ಮಾಡ್ಕೊಂಡು ಬನ್ನಿ' ಅಂತ ಮೇಷ್ಟ್ರು ಹೇಳಿದರೆ ಮಕ್ಕಳು ನೇರವಾಗಿ ಝೆರಾಕ್ಸ್ ಅಂಗಡಿಗೆ ಓಡುತ್ತವೆ. ಅಂಗಡಿಯವನು ಇಂಟರ್‌ನೆಟ್ಟಿಂದ ನಾಲ್ಕು ಹಾಳೆ ತೆಗೆದು, ಮೇಲೊಂದು ಬಣ್ಣದ ಚಿತ್ರ ಅಂಟಿಸಿ, ಕಾಸು ಎಣಿಸಿಕೊಳ್ಳುತ್ತಾನೆ. ಅಪ್ಪನ ಕೂಲಿಯಲ್ಲಿ ಒಂದಷ್ಟು ಅಲ್ಲಿಗೆ ಹೋಯ್ತು. ಮಗು ಒಂದು ಸಾಲೂ ಓದಲಿಲ್ಲ, ಮೇಷ್ಟ್ರೂ ಓದಲಿಲ್ಲ, ಅಂಕ ಮಾತ್ರ ಬಿತ್ತು. ಅದೇ ವಿಷಯದ ಪುಸ್ತಕ ಊರಿನ ಲೈಬ್ರರಿಯಲ್ಲಿ ಬಿಟ್ಟಿಯಾಗಿ ಬಿದ್ದಿತ್ತು.

ಮೇಷ್ಟ್ರೂ ಜೊತೆಗೆ ಬರಬೇಕು

ಗ್ರಂಥಪಾಲಕರ ಹುದ್ದೆ ಇದ್ದರೆ ಎಲ್ಲ ಸರಿಹೋಗುತ್ತೆ ಅನ್ನೋದೂ ಭ್ರಮೆ. ಕೇಂದ್ರೀಯ ವಿದ್ಯಾಲಯ, ನವೋದಯ ವಿದ್ಯಾಲಯಗಳಲ್ಲಿ ಆ ಹುದ್ದೆ ಉಂಟು. ಪಟ್ಟಣದ ದೊಡ್ಡ ದೊಡ್ಡ ಖಾಸಗಿ ಶಾಲೆಗಳಲ್ಲೂ ಉಂಟು, ವೇಳಾಪಟ್ಟಿಯಲ್ಲಿ 'ಲೈಬ್ರರಿ ಪಿರಿಯಡ್' ಅಂತಲೂ ಬರೆದಿರುತ್ತೆ. ಆದರೆ ಎಷ್ಟೋ ಶಾಲೆಗಳಲ್ಲಿ ಆ ಪಿರಿಯಡ್ಡಿನ ಅರ್ಥ ಏನು ಗೊತ್ತೇ? ಟೀಚರು ಮಕ್ಕಳನ್ನ ಸಾಲಾಗಿ ಕರಕೊಂಡು ಬಂದು ಲೈಬ್ರರಿ ಬಾಗಿಲಲ್ಲಿ ಬಿಟ್ಟು, ಸ್ಟಾಫ್ ರೂಮಿಗೆ ಹೋಗಿ ನೋಟ್‌ಬುಕ್ ತಿದ್ದುತ್ತಾರೆ. ಗ್ರಂಥಪಾಲಕರು ನಲವತ್ತು ಮಕ್ಕಳಿಗೆ 'ಸದ್ದು, ಸದ್ದು' ಅಂತ ಮುಕ್ಕಾಲು ಗಂಟೆ ಕಳೆಯುತ್ತಾರೆ. ಗಣಿತದ ಮೇಷ್ಟ್ರಿಗೆ ಸಿಲಬಸ್ ಹಿಂದೆ ಬಿದ್ದರೆ ಮೊದಲು ಬಲಿಯಾಗೋದೂ ಅದೇ ಪಿರಿಯಡ್ಡು.

ಗ್ರಂಥಪಾಲಕರೇನು ಪುಸ್ತಕದ ವಾಚ್‌ಮನ್ನಾ? ಅವರೂ ಪಾಠದಲ್ಲಿ ಅರ್ಧ ಪಾಲುದಾರರು ಅನ್ನೋದು ಶಾಲೆಗಳಿಗೆ ಹೊಳೆದೇ ಇಲ್ಲ. ಟೀಚರು ಮಕ್ಕಳ ಜೊತೆ ಒಳಗೆ ಬಂದು ಕೂತು, ತಾವೂ ಒಂದು ಪುಸ್ತಕ ತೆಗೆದು ಓದಬೇಕು. ಮೇಷ್ಟ್ರು ಓದೋದನ್ನ ಕಣ್ಣಾರೆ ನೋಡದ ಮಗು ಓದು ಅಂದರೆ ಶಿಕ್ಷೆ ಅಂತಲೇ ತಿಳಿದುಕೊಳ್ಳುತ್ತೆ.

ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಅನ್ನಿಸಿಕೊಂಡ ಎಸ್.ಆರ್. ರಂಗನಾಥನ್ ಮೊದಲು ಏನಾಗಿದ್ದರು? ಗಣಿತದ ಮೇಷ್ಟ್ರು! 1917ರಲ್ಲಿ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಪಾಠ ಹೇಳಿದವರು. 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು, 1931ರಲ್ಲಿ ಗ್ರಂಥಾಲಯದ ಐದು ಸೂತ್ರಗಳ ಪುಸ್ತಕ ಪ್ರಕಟಿಸಿದರು, ಕೊನೆಗಾಲ ಬೆಂಗಳೂರಿನಲ್ಲಿ ಕಳೆದು 1972ರಲ್ಲಿ ಅಲ್ಲೇ ತೀರಿಕೊಂಡರು. ಪುಸ್ತಕ ಇರುವುದು ಬಳಕೆಗೆ, ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಅನ್ನೋದು ಆ ಸೂತ್ರಗಳ ಸಾರದಲ್ಲಿ ಮೊದಲ ಮೂರು. ಪಾಠ ಹೇಳುವವನೂ ಪುಸ್ತಕ ಕೊಡುವವನೂ ಒಂದೇ ದೇಹದಲ್ಲಿದ್ದ ಮನುಷ್ಯ ಅವರು. ಇವತ್ತು ಆ ಇಬ್ಬರೂ ಬೇರೆ ಬೇರೆ ಕಟ್ಟಡದಲ್ಲಿದ್ದಾರೆ. ವಾರಕ್ಕೊಮ್ಮೆಯಾದರೂ ಒಂದು ಬೆಂಚಿನಲ್ಲಿ ಕೂರಬಾರದೇ?

ಪುಸ್ತಕ ಕಳೆದರೆ?

ಬೀರುವಿಗೆ ಬೀಗ ಜಡಿಯುವ ಹೆಡ್‌ಮಾಸ್ಟರನ್ನ ಬೈದು ಮುಗಿಸೋದು ಸುಲಭ. ಅವರ ಕಷ್ಟವನ್ನೂ ಕೇಳಬೇಕು. 'ಮಕ್ಕಳಿಗೆ ಕೊಟ್ಟರೆ ಹರಿದುಹಾಕ್ತವೆ, ಕಳೀತವೆ. ಆಡಿಟ್‌ನೋರು ಬಂದು ಸ್ಟಾಕ್ ಕೇಳಿದ್ರೆ ನನ್ನ ಸಂಬಳದಲ್ಲಿ ಕಟ್ಕೊಡ್ಲಾ?' ಅನ್ನುವ ಮಾತು ಬಹಳ ಶಾಲೆಗಳಲ್ಲಿ ಕೇಳಿಬರುತ್ತೆ. ಅದರಲ್ಲಿ ಹುರುಳಿದೆ. ಬೀಗ ಹಾಕಿಟ್ಟು ಗೆದ್ದಲು ತಿಂದರೆ ಯಾರೂ ಪ್ರಶ್ನೆ ಮಾಡೋದಿಲ್ಲ, ಮಗು ಓದಿ ಹರಿದರೆ ನೋಟೀಸು. ಇಂಥ ನ್ಯಾಯ ಇರುವ ಕಡೆ ಯಾವ ಬುದ್ಧಿವಂತ ಬೀಗ ತೆಗೀತಾನೆ?

ಇದಕ್ಕೆ ಮದ್ದು ಇಲ್ಲದೆ ಇಲ್ಲ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ ಗ್ರಂಥಾಲಯಗಳಿಗೆ ಒಂದು ರಿಯಾಯಿತಿ ಇದೆ. ವರ್ಷದಲ್ಲಿ ಓದಲು ಕೊಟ್ಟ ಪ್ರತಿ 1,000 ಪುಸ್ತಕಕ್ಕೆ 5 ಕಳೆದುಹೋದರೆ ಅದು ಸಹಜ ಅಂತ ಒಪ್ಪಬಹುದು, ಮೋಸವೋ ಬೇಜವಾಬ್ದಾರಿಯೋ ಇರಬಾರದು ಅಷ್ಟೆ. 1,000 ರೂಪಾಯಿಗೆ ಮೀರಿದ ಪುಸ್ತಕ, ಅಪರೂಪದ ಪುಸ್ತಕ ಕಳೆದರೆ ಮಾತ್ರ ವಿಚಾರಣೆ ಆಗಲೇಬೇಕು. ದಿಲ್ಲಿಯ ದೊಡ್ಡ ದೊಡ್ಡ ಕಚೇರಿಗಳ ಲೈಬ್ರರಿಗೇ ಇಂಥ ಉದಾರತನ ಇರುವಾಗ, ಐವತ್ತು ರೂಪಾಯಿಯ ಕಾಗೆ-ಗುಬ್ಬಿ ಕಥೆ ಪುಸ್ತಕಕ್ಕೆ ಹಳ್ಳಿ ಮೇಷ್ಟ್ರ ಕುತ್ತಿಗೆ ಯಾಕೆ ಹಿಡಿಯಬೇಕು? ಓದಿ ಓದಿ ಹರಿದ ಪುಸ್ತಕ ಶಾಲೆಗೆ ಬಿರುದು ಇದ್ದ ಹಾಗೆ. ತಪಾಸಣೆಗೆ ಬಂದ ಸಾಹೇಬರು ಗರಿಗರಿ ಹೊಸ ಪುಸ್ತಕ ಕಂಡಾಗಲೇ ಹುಬ್ಬು ಗಂಟಿಕ್ಕಬೇಕು.

ಇನ್ನು 'ಟೈಮ್ ಎಲ್ಲಿದೆ' ಅನ್ನುವ ಮೇಷ್ಟ್ರ ಮಾತು. ಅದೂ ಸುಳ್ಳಲ್ಲ. ಆದರೆ ಅದೇ ಶಿಕ್ಷಣ ಹಕ್ಕಿನ ಕಾಯಿದೆಯ ಅನುಸೂಚಿ ಮೇಷ್ಟ್ರಿಗೆ ವಾರಕ್ಕೆ 45 ಗಂಟೆ ಅಂತ ಹೇಳುವಾಗ ಪಾಠದ ತಯಾರಿಯ ಹೊತ್ತನ್ನೂ ಅದರಲ್ಲೇ ಸೇರಿಸಿದೆ. ತಯಾರಿ ಅಂದರೆ ಏನು? ಮುಂದಿನ ವಾರದ ಪಾಠಕ್ಕೆ ಯಾವ ಪುಸ್ತಕ ಬೇಕು ಅಂತ ಲೈಬ್ರರಿಯವರ ಜೊತೆ ಕೂತು ನೋಡೋದೂ ತಯಾರಿಯೇ. ತಿಂಗಳಿಗೆ ಒಂದು ಗಂಟೆ ಅದಕ್ಕೆ ಮೀಸಲಿಟ್ಟರೆ ಆಕಾಶ ಕೆಳಗೆ ಬೀಳೋದಿಲ್ಲ.

ಮೇಲ್ವಿಚಾರಕರ ಕಡೆಯ ದೂರೂ ಇದೆ. ಅವರದ್ದು ಸಣ್ಣ ಸಂಭಾವನೆ, ದೊಡ್ಡ ನಿರೀಕ್ಷೆ. ಪಂಚಾಯ್ತಿಯ ಬೇರೆ ಕೆಲಸಕ್ಕೂ 'ಬಾರಯ್ಯಾ' ಅಂತ ಕರೆಯುತ್ತಾರೆ ಅನ್ನುವ ಗೊಣಗಾಟ ಇದ್ದೇ ಇದೆ. ಶಾಲೆಯ ಬಾಗಿಲಿಗೆ ಹೋದರೆ 'ನೀವು ಯಾವ ಡಿಪಾರ್ಟ್‌ಮೆಂಟು?' ಅನ್ನುವ ನೋಟ. ಅವರಿಗೆ ಮೊದಲು ಬೇಕಾದ್ದು ಮರ್ಯಾದೆ. ಸ್ಟಾಫ್ ಮೀಟಿಂಗಿಗೆ ಒಂದು ಕುರ್ಚಿ ಹಾಕಿ ಕರೆದರೆ ಸಾಕು, ಅರ್ಧ ಕೆಲಸ ಆದ ಹಾಗೆ.

ಕೋಟೆಯ ಮೇಷ್ಟ್ರುಗಳು ಮಾಡಿದ್ದರು

ಈ ಜಿಲ್ಲೆಗೆ ಇದೆಲ್ಲ ಆಗದ ಮಾತು ಅಂತ ಯಾರೂ ಹೇಳುವಂತಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯ ಕಾಡಂಚಿನ ಶಾಲೆಗಳ ಮೇಷ್ಟ್ರುಗಳು ಆಂಧ್ರದ ರಿಷಿವ್ಯಾಲಿಯ ಶಾಲೆಗಳನ್ನ ನೋಡಿ ಬಂದು, ತಾವೇ ಕೂತು ಕಾರ್ಡು ಬರೆದು, ಹಾಡು ಕಟ್ಟಿ, 'ನಲಿ-ಕಲಿ' ಶುರುಮಾಡಿದರು. ಯುನಿಸೆಫ್ ಬೆಂಬಲ ಇತ್ತು, ನಿಜ. ಆದರೆ ಕೈ ಕೆಸರು ಮಾಡಿಕೊಂಡವರು ಮೇಷ್ಟ್ರುಗಳೇ. ಮುಂದೆ ಅದು ರಾಜ್ಯದ ಸರ್ಕಾರಿ ಕಿರಿಯ ತರಗತಿಗಳಿಗೆಲ್ಲ ಹರಡಿತು. ಹಿಂದುಳಿದ ತಾಲ್ಲೂಕು ಅಂತ ಮೂಗು ಮುರಿಯುತ್ತಿದ್ದ ಜಾಗದಿಂದ ಇಡೀ ರಾಜ್ಯ ಪಾಠ ಕಲಿಯಿತು. ಅಂಥ ಮಣ್ಣಿನಲ್ಲಿ ಒಬ್ಬ ಮೇಷ್ಟ್ರು, ಒಬ್ಬ ಲೈಬ್ರರಿಯವರು ತಿಂಗಳಿಗೊಮ್ಮೆ ಸೇರೋದು ಅಸಾಧ್ಯವೇ?

ಆಗಬೇಕಾದ್ದು ದೊಡ್ಡದೇನಲ್ಲ. ಒಂದು, ಬೀರುವಿನ ಬೀಗದ ಕೈ ತರಗತಿಯ ಮೇಷ್ಟ್ರ ಕೈಗೆ ಬರಲಿ, ಪುಸ್ತಕ ತರಗತಿಯೊಳಗೆ ಇರಲಿ. ಎರಡು, ವಾರಕ್ಕೆ ಒಂದು ಪಿರಿಯಡ್ ಮಕ್ಕಳು ಮೇಷ್ಟ್ರ ಸಮೇತ ಪಂಚಾಯ್ತಿ ಲೈಬ್ರರಿಗೆ ಹೋಗಲಿ, ದೂರ ಇರುವ ಕಡೆ ಮೇಲ್ವಿಚಾರಕರೇ ಚೀಲದಲ್ಲಿ ಪುಸ್ತಕ ಹೊತ್ತು ಶಾಲೆಗೆ ಬರಲಿ. ಮೂರು, ತಿಂಗಳ ಪಾಠದ ಯೋಜನೆಯ ಒಂದು ಪ್ರತಿ ಲೈಬ್ರರಿ ಗೋಡೆಯ ಮೇಲೆ ಅಂಟಲಿ. ನಾಲ್ಕು, ಪುಸ್ತಕ ಕೊಳ್ಳುವಾಗ ಇಬ್ಬರೂ ಕೂತು ಪಟ್ಟಿ ಮಾಡಲಿ, ಮಕ್ಕಳನ್ನೂ ಒಂದು ಮಾತು ಕೇಳಲಿ. ಐದು, ಓದಿ ಹರಿದ ಪುಸ್ತಕಕ್ಕೆ ಮೇಷ್ಟ್ರ ಸಂಬಳಕ್ಕೆ ಕೈ ಹಾಕೋದಿಲ್ಲ ಅಂತ ಬರವಣಿಗೆಯಲ್ಲಿ ಅಭಯ ಸಿಗಲಿ. ಶಾಲೆಗೊಬ್ಬ ಗ್ರಂಥಪಾಲಕ ಬೇಕು ಅನ್ನುವ ಬೇಡಿಕೆ ಇದ್ದೇ ಇದೆ, ಅದನ್ನ ಬಿಡಬೇಕಾಗಿಲ್ಲ. ಆದರೆ ಅದು ಬರುವವರೆಗೂ ಮಕ್ಕಳು ಬೆಳೆಯದೆ ಕಾಯೋದಿಲ್ಲ.

ಇದಕ್ಕೆ ವಿಧಾನಸೌಧದ ಕಡೆ ಮುಖ ಮಾಡಬೇಕಾದ್ದೂ ಇಲ್ಲ. ಶಾಲೆಗಳ ಡಿ.ಡಿ.ಪಿ.ಐ. ಸಾಹೇಬರೂ, ಪಂಚಾಯ್ತಿಗಳ ಮೇಲಿನ ಜಿಲ್ಲಾ ಪಂಚಾಯತ್ ಸಿ.ಇ.ಓ. ಸಾಹೇಬರೂ ಕೂರೋದು ಇದೇ ಮೈಸೂರು ನಗರದಲ್ಲಿ. ಆಟೋದಲ್ಲಿ ಹೋದರೂ ಹತ್ತು-ಹದಿನೈದು ನಿಮಿಷದ ಮಾತು. ಒಂದೇ ಸುತ್ತೋಲೆ, ಎರಡು ರುಜು. ಪಟ್ಟಣದ ಸ್ಥಿತಿವಂತರ ಮಗುವಿಗೆ ಮನೆಯಲ್ಲೇ ಕಪಾಟು ತುಂಬ ಪುಸ್ತಕ ಉಂಟು. ಕೂಲಿಯವನ ಮಗುವಿಗೆ ಪಠ್ಯಪುಸ್ತಕ ಬಿಟ್ಟರೆ ಇರೋದು ಈ ಎರಡೇ ಬಾಗಿಲು, ಒಂದು ಶಾಲೆಯದು, ಇನ್ನೊಂದು ಲೈಬ್ರರಿಯದು. ಜೂನ್ ತಿಂಗಳಲ್ಲಿ ಶಾಲೆ ತೆರೆಯುವಾಗ ಆ ಎರಡು ಬಾಗಿಲ ನಡುವೆ ಒಂದು ಕಾಲುದಾರಿ ಬೀಳುವ ಹಾಗೆ ಮಾಡಿದರೆ ಸಾಹೇಬರುಗಳ ಹೆಸರು ಯಾವ ಶಿಲಾಫಲಕದಲ್ಲೂ ಬರೋದಿಲ್ಲ. ಓದು ಕಲಿತ ಮಕ್ಕಳು ಊರಲ್ಲಿ ಇರುತ್ತವೆ, ಅಷ್ಟು ಸಾಕಲ್ಲವೇ?